ಗುರುತಿಗೊಂದು ಕೆಂಪು ಬಾಗಿಲು

ಹೊಸ ಸಾಲುಮನೆಗಳನ್ನು ಕಟ್ಟಿದವನಿಗೆ ಬೂದುಬಣ್ಣದ ಮೇಲೆ ಅದೆಂಥ ಭಕ್ತಿಯೋ, ದೇವರೇ ಬಲ್ಲ. ಆರು ಮನೆಗಳಿಗೂ ಬೂದು ಗೋಡೆ, ಬೂದು ಬಾಗಿಲು, ಕಪ್ಪು ಕಿಟಕಿ, ಬಾಗಿಲ ಪಕ್ಕದಲ್ಲಿ ಡಬ್ಬಿಯಂಥ ದೀಪ. ಮನೆಯ ನಂಬರೂ ಬೂದು ಗೋಡೆಯ ಮೇಲೆ ಬೂದು ಅಂಕಿ. ಓದಬೇಕಾದರೆ ಗೋಡೆಗೆ ಮೂಗು ತಾಗಿಸಬೇಕು. ಇದೇ ಈಗಿನ ಫ್ಯಾಷನ್ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಮೂರನೆಯ ಮನೆಯ ಕನ್ನಡಕದಂಗಡಿಯವನಿಗೆ ಮಾತ್ರ ಈ ಫ್ಯಾಷನ್ ಗಂಟಲ ಮುಳ್ಳಾಗಿತ್ತು. ತಂದೆ ತೀರಿಕೊಂಡ ಮೇಲೆ ಅವನು ತಾಯಿಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದ. ಆಕೆ ಪಾರ್ಕಿಗೆ ಹೋಗಿ ಬರುವಾಗ ತನ್ನ ಮನೆ ದಾಟಿ, ಪಕ್ಕದಲ್ಲಿದ್ದ ನಿವಾಸಿಗಳ ಸಂಘದ ಅಧ್ಯಕ್ಷರ ಮನೆಗೆ ಹೊಕ್ಕು, ಅವರ ವಯಸ್ಸಾದ ಅತ್ತೆಯ ಎದುರು ಕುರ್ಚಿ ಎಳೆದು ಕೂತುಬಿಡುತ್ತಿದ್ದಳು. ಸಂಜೆ ಮಗ ಹೋಗಿ, ಕೈ ಹಿಡಿದು ಕರೆತರುತ್ತಿದ್ದ. ಒಮ್ಮೆ ತಾಯಿಯ ಕಣ್ಣು ಪರೀಕ್ಷೆ ಮಾಡಿದ. ಆಕೆ ಹಲಗೆಯ ಕೊನೆಯ ಸಣ್ಣಕ್ಷರಗಳನ್ನೂ ಪಟಪಟ ಓದಿದಳು. ಕಣ್ಣಿಗಾದರೆ ಕನ್ನಡಕ ಕೊಡಬಹುದು, ಮರೆವಿಗೆ ಏನು ಕೊಡುವುದು?

ಸುದ್ದಿ ಬೇರೆ ಊರಿನಲ್ಲಿದ್ದ ಅಕ್ಕನಿಗೆ ಮುಟ್ಟಿತು. ಮರುದಿನ ಬೆಳಗ್ಗೆಯೇ ಅವಳ ಫೋನು ಬಂತು.

“ಸಂಜೆ ಬರ್ತಿದ್ದೀನಿ ಕಣೋ. ಅಮ್ಮ ತನ್ನ ಮನೆ ಯಾವುದು ಅಂತ ನನ್ನೆದುರಿಗೆ ತೋರಿಸ್ಲಿ. ಇಲ್ಲಾಂದ್ರೆ ನಮ್ಮನೆಗೆ ಕರ್ಕೊಂಡು ಹೊರಟೆ.”

“ಅಮ್ಮನ್ನ ಕರ್ಕೊಂಡು ಹೋದ್ರೆ ನಾನೊಬ್ಬನೇ ಏನು ಮಾಡ್ಲಿ ಅಕ್ಕಾ?”

“ಕನ್ನಡಕ ಮಾರು.”

ಅವನು ಆಗಲೇ ಪೇಂಟರನ್ನು ಕರೆಸಿದ.

“ಯಾವ ಕೆಂಪು ಸಾರ್? ಇಟ್ಟಿಗೆ ಕೆಂಪಾ, ಮೆಣಸಿನಕಾಯಿ ಕೆಂಪಾ?”

“ಬೀದಿ ತುದಿಯಿಂದ ಕಾಣೋ ಕೆಂಪು.”

ಪೇಂಟರು ಬೇಗ ಒಣಗುವ ಬಣ್ಣವನ್ನು ಡಬ್ಬಿಗಟ್ಟಲೆ ತಂದ. ತಾಸೊಪ್ಪತ್ತಿನಲ್ಲಿ ಮೂರನೆಯ ಮನೆಯ ಬಾಗಿಲು ಬೂದಿಯ ನಡುವೆ ಕೆಂಡ ಇಟ್ಟಂತೆ ಹೊಳೆಯಿತು.

ಅಧ್ಯಕ್ಷರು ಕಾಫಿ ಲೋಟ ಹಿಡಿದೇ ಓಡಿಬಂದರು. “ಏನ್ರೀ ಇದು? ಹೊರಗಿನ ನೋಟ ಬದಲಾಯಿಸಬಾರದು ಅಂತ ಸಂಘದ ನಿಯಮ ಇಲ್ವಾ?”

“ಬೆಂಕಿ ಬಿತ್ತು ಅಂತ ನಾನು ಬಕೆಟ್ ಹಿಡ್ಕೊಂಡು ಬಂದೆ!” ಎಂದರು ಕೊನೆಮನೆಯ ನರ್ಸಮ್ಮ.

ತಾಯಿ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು. ಅಮ್ಮನಿಗೆ ಮನೆ ಮರೆತುಹೋಗುತ್ತದೆ ಎಂದು ಅವಳೆದುರಿಗೇ ನಾಲ್ಕು ಜನಕ್ಕೆ ಹೇಗೆ ಹೇಳುವುದು? ಅವನ ಬಾಯಿಗೆ ಬಂದದ್ದು ಬೇರೆ ಮಾತು.

“ಇದು ಈಗಿನ ಫ್ಯಾಷನ್ನು ಅಧ್ಯಕ್ಷರೇ. ಬೂದು ಮನೆಗೆ ಕೆಂಪು ಬಾಗಿಲು. ಹೊಸ ಸಾಲುಮನೆಗಳಿಗೆಲ್ಲ ಈಗ ಇದೇ.”

“ಎಲ್ಲಿ?”

“ಎಲ್ಲಾ ಕಡೆ! ಪಕ್ಕದಲ್ಲಿ ಒಂದು ಹೂವಿನ ಕುಂಡಾನೂ ಇಡ್ತಾರೆ,” ಎಂದು ಸುಳ್ಳಿಗೆ ಉಪ್ಪುಖಾರ ಹಚ್ಚಿದ.

“ಹಾಗಾದ್ರೆ ನಾವೇ ಹಿಂದೆ ಬಿದ್ವಾ?” ಎಂದು ನರ್ಸಮ್ಮ ತಮ್ಮ ಬೂದು ಬಾಗಿಲನ್ನು ಮಲಮಗಳಂತೆ ನೋಡಿದರು. ಅಧ್ಯಕ್ಷರು ದನಿ ತಗ್ಗಿಸಿ ಪೇಂಟರನ್ನು ಕೇಳಿದರು: “ಬಣ್ಣ ಮಿಕ್ಕಿದೆಯೇನಪ್ಪಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಗೆ ಹೊತ್ತಾಗಿದ್ದ ಅವಸರದಲ್ಲಿ ಇದೊಂದೂ ಅವನ ಕಿವಿಗೆ ಬೀಳಲಿಲ್ಲ. ಮನೆ ಮುಂದೆ ಒಂದು ಕುಂಡ ಇಟ್ಟು, “ಅಮ್ಮಾ, ಕೆಂಪು ಬಾಗಿಲು ನಮ್ಮನೆ. ನೆನಪಿಟ್ಕೋ,” ಎಂದ.

“ಕಣ್ಣು ಮುಚ್ಚಿದ್ರೂ ಕಾಣುತ್ತೆ ಬಿಡು ಮಗಾ,” ಎಂದಳು ತಾಯಿ.

ಸಂಜೆ ಅವನೂ ಅಕ್ಕನೂ ಪಾರ್ಕಿನ ಬೆಂಚಿನಿಂದ ತಾಯಿಯನ್ನು ಎಬ್ಬಿಸಿಕೊಂಡು ಬೀದಿಯ ತಿರುವಿಗೆ ಬಂದರು. ಆರು ಕೆಂಪು ಬಾಗಿಲುಗಳು, ಆರು ಹೂವಿನ ಕುಂಡಗಳು! ಕೊನೆಮನೆಯ ಎದುರು ಬ್ರಶ್ ತೊಳೆಯುತ್ತಿದ್ದ ಪೇಂಟರು ಎದ್ದುನಿಂತು, “ನಿಮ್ಮ ಉಪಕಾರ ಮರೆಯಲ್ಲ ಸಾರ್!” ಎಂದು ಕೈಮುಗಿದ.

“ಅಮ್ಮಾ, ನಮ್ಮನೆ ಯಾವುದು ತೋರಿಸು,” ಎಂದಳು ಅಕ್ಕ. “ನೀನು ಕೆಮ್ಮಬೇಡ ಕಣೋ!”

ಅವನು ದೇವರನ್ನು ನೆನೆಯುತ್ತ ನಿಂತ. ತಾಯಿ ಸೆರಗು ಸರಿಮಾಡಿಕೊಂಡು ನಡೆದಳು. ಮೊದಲನೆಯ ಮನೆ ದಾಟಿದಳು, ಎರಡನೆಯದನ್ನೂ ದಾಟಿದಳು. ಮೂರನೆಯದಕ್ಕೆ ಬೀಗದ ಕೈ ಹಾಕಿ ತಿರುಗಿಸಿದಳು.

“ಹೇಗೆ ಗೊತ್ತಾಯ್ತಮ್ಮಾ?” ಮಗ ಬಾಯಿ ಬಿಟ್ಟ.

“ನಂಬರ್ ಬರೆದಿದೆಯಲ್ಲೋ. ನನಗೇನು ಕಣ್ಣು ಕಾಣಲ್ವಾ?”

“ಮತ್ತೆ ದಿನಾ ಅಧ್ಯಕ್ಷರ ಮನೆಗೆ ಯಾಕೆ ಹೋಗ್ತಿದ್ದೆ?”

“ಅವರ ಅತ್ತೆ ಜೊತೆ ಮಾತಾಡೋಕೆ. ಅವರ ಯಜಮಾನ್ರೂ ಹೋದ ವರ್ಷವೇ ತೀರಿಕೊಂಡ್ರಂತೆ. ನೀನು ಅಂಗಡಿಗೆ ಹೋದ್ಮೇಲೆ ನಾನಿಲ್ಲಿ ಯಾರ ಜೊತೆ ಮಾತಾಡ್ಲಿ, ಗೋಡೆ ಜೊತೆನಾ? ಅದೂ ಬೂದು ಗೋಡೆ.”

“ಹೇಳಬಾರದಿತ್ತಾ?”

“ನೀನು ಕೇಳಿದ್ಯಾ? ಬಂದು ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ದೆ. ನಿಮ್ಮಪ್ಪ ಹೋದ್ಮೇಲೆ ನನ್ನ ಕೈ ಹಿಡಿಯೋರು ಯಾರಿದ್ರು? ಅದೂ ಚೆನ್ನಾಗೇ ಇತ್ತು, ಸುಮ್ಮನಿದ್ದೆ.”

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. “ಅಮ್ಮನ ತಲೆ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಒಂದು ಲೋಟ ಕಾಫಿ ಕೊಡೋ, ಕುಡಿದು ಹೊರಡ್ತೀನಿ.”

ಮನೆಯಲ್ಲಿ ಹಾಲಿರಲಿಲ್ಲ. ತಾಯಿ ತನ್ನ ಬಳಿಯೇ ಉಳಿಯುವಳೆಂಬ ಸಂತೋಷದಲ್ಲಿ ಅವನು ಬೀದಿ ತುದಿಯ ಅಂಗಡಿಗೆ ಹತ್ತಿಯಂತೆ ಹಾರಿಹೋದ. ಹಾಲು ತಂದವನು, ತೆರೆದಿದ್ದ ಕೆಂಪು ಬಾಗಿಲಿನಿಂದ ಗುನುಗುತ್ತ ಒಳಗೆ ಬಂದು, ನೆಟ್ಟಗೆ ಅಡುಗೆಮನೆಗೆ ಹೋಗಿ ಹಾಲು ಒಲೆಗಿಟ್ಟ.

“ಅಮ್ಮಾ, ಸಕ್ಕರೆ ಡಬ್ಬಿ ಎಲ್ಲಿಟ್ಟೆ?”

“ಎಡಗಡೆ, ಮೇಲಿನ ಗೂಡಲ್ಲಿ,” ಎಂದಿತು ಒಂದು ಧ್ವನಿ. ಅದು ಅಮ್ಮನ ಧ್ವನಿಯಲ್ಲ. ತಿರುಗಿದರೆ ಅಧ್ಯಕ್ಷರ ಅತ್ತೆ! ಬಣ್ಣ ಒಣಗಲಿ ಎಂದು ಅವರು ಬಾಗಿಲು ತೆರೆದಿಟ್ಟಿದ್ದರು. ಹಿಂದೆಯೇ ಟವೆಲು ಸುತ್ತಿಕೊಂಡ ಅಧ್ಯಕ್ಷರು.

“ಓಹೋ! ಇವತ್ತು ಮಗನ ಸರದಿಯಾ?”

ಗದ್ದಲ ಕೇಳಿ ತಾಯಿ ಬಂದಳು, ಹಿಂದೆ ಅಕ್ಕ ಬಂದಳು.

“ಅಮ್ಮಾ, ನೀನೆಲ್ಲೂ ಬರೋದು ಬೇಡ. ಇವನನ್ನ ನೋಡ್ಕೊಂಡು ಇಲ್ಲೇ ಇರು,” ಎಂದಳು ಅಕ್ಕ.

ತಾಯಿ ಮಗನ ಕೈ ಹಿಡಿದುಕೊಂಡಳು. “ಬಾ ಕಂದಾ, ಮನೆಗೆ ಹೋಗೋಣ. ನಾಳೆ ಅಂಗಡಿ ತೆಗೆದ ಕೂಡ್ಲೆ ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡ್ಕೋ.”