ಪ್ರೆಸ್ಸಿಗೊಂದು ಪ್ರದಕ್ಷಿಣೆ

ಹೊಸೂರಿನ ಆ ರಬ್ಬರ್ ಕಾರ್ಖಾನೆಯ ಹಳೇ ಪ್ರೆಸ್ ಮಿಷನ್ನು ಕುಮಾರೇಶನ ಮಾತೊಂದನ್ನೇ ಕೇಳುತ್ತಿತ್ತು. ಬೇರೆ ಯಾರು ಗುಂಡಿ ಒತ್ತಿದರೂ, ಮುನಿಸಿಕೊಂಡ ಅಳಿಯನ ಹಾಗೆ, ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಗುಟ್ಟು ಇಷ್ಟೇ: ಗುಂಡಿ ಒತ್ತುವಾಗ ಅದರ ಬಾಗಿಲಿಗೆ ಮೊಣಕಾಲಲ್ಲಿ ಒಂದು ಗುದ್ದು ಕೊಡಬೇಕು. ಈ ಗುಟ್ಟಿನ ಪುಣ್ಯದಿಂದಲೇ ಅವನಿಗೆ ಖಾಯಂ ಹಗಲು ಪಾಳಿ. ರಾತ್ರಿ ಪಾಳಿಯೆಂದರೆ ಸಾನಮಾವು ಕಾಡಿನ ರಸ್ತೆಯಲ್ಲಿ, ಆನೆಗಳು ಓಡಾಡುವ ಹೊತ್ತಿಗೆ ಬೈಕಿನಲ್ಲಿ ಬರಬೇಕು. ಅಯ್ಯೋ ಶಿವನೇ, ಯಾರಿಗೆ ಬೇಕು!

ಒಂದು ಬೆಳಗ್ಗೆ ಮ್ಯಾನೇಜರ್ ಗೋಪಿನಾಥ್ ಮೊಬೈಲ್ ಹಿಡಿದು ಬಂದರು. ಜೊತೆಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ, ತಳಿ ಊರಿನ ಕಡೆಯ ಭಾನು.

"ತಿಳುವಳಿಕೆ ಒಬ್ಬನ ತಲೇಲೇ ಕೂತಿದ್ರೆ ಆಗಲ್ಲ ಪಾ. ಹಂಚಿದ್ರೇನೇ ಹೊಸದು ಹುಟ್ಟೋದು. ನಿನ್ನ ಟೆಕ್ನಿಕ್ಕು ಇವಳಿಗೆ ಕಲಿಸು, ವಿಡಿಯೋ ಮಾಡ್ತೀನಿ."

"ಹೇಳ್ಕೊಡೋ, ವಿದ್ಯೆ ಕೊಟ್ಟಷ್ಟೂ ಹೆಚ್ತದೆ" ಎಂದು ಪಕ್ಕದ ಮಿಷನ್ನಿನ ಮುನಿಯಪ್ಪ ಮೂಗು ತೂರಿಸಿದ.

"ಹೆಚ್ಚೋದು ವಿದ್ಯೆ, ಹೋಗೋದು ನನ್ನ ಡೇ ಶಿಫ್ಟು ಕಣಣ್ಣಾ!" ಎಂದು ಕುಮಾರೇಶ ಹಲ್ಲು ಕಡಿದ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಮಿಷನ್ನಿಗೆ ಕೈ ಮುಗಿದ. ಅದರ ಮೈಮೇಲೆ ಅಂಗೈ ಸವರುತ್ತಾ ಭಕ್ತಿಯಿಂದ ಪ್ರದಕ್ಷಿಣೆ ಬಂದ. ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ಯಾರಿಗೂ ಕಾಣದಂತೆ ಮೊಣಕಾಲು ಗುದ್ದಿ ಗುಂಡಿ ಒತ್ತಿದ. ಮಿಷನ್ನು ಗುರ್ರೆಂದಿತು.

"ಸುತ್ತೋದ್ಯಾಕಣ್ಣಾ?" ಭಾನು ಕಣ್ಣರಳಿಸಿದಳು.

"ಮಿಷನ್ನಿಗೂ ಮರ್ವಾದೆ ಬ್ಯಾಡ್ವಾ? ಸುತ್ತು, ನಿಂಗೇ ತಿಳೀತದೆ."

ಮಿಷನ್ನು ನಿಲ್ಲಿಸಿ ಭಾನು ಸುತ್ತತೊಡಗಿದಳು. ಹಿಂಬದಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಅಣ್ಣಾ, ಇಲ್ಲಿ ಗಾಳಿ ಊದ್ತೈತೆ! ಯಾಕೆ?"

"ಅದು ಉಸಿರಾಡ್ತೈತೆ ಕಣಮ್ಮಾ, ಬಾ ಈಕಡೆ!"

ಅವಳೆಲ್ಲಿ ಬಂದಾಳು? ಸ್ಪ್ಯಾನರ್ ತಂದು, ಸಡಿಲವಾಗಿದ್ದ ಗಾಳಿ ಪೈಪನ್ನು ಬಿಗಿದಳು. ಗಾಳಿಯ ಒತ್ತಡ ಸಾಲದೆ ಅರೆತೆರೆದು ನಿಲ್ಲುತ್ತಿದ್ದ ಬಾಗಿಲು ತಾನೇ ಟಪ್ಪೆಂದು ಮುಚ್ಚಿತು. ಗುಂಡಿ ಒತ್ತಿದಳು. ಗುರ್ರ್! ಮುನಿಯಪ್ಪ ಒತ್ತಿದ. ಗುರ್ರ್! ಗೋಪಿನಾಥ್ ಕಿರುಬೆರಳಲ್ಲಿ ಒತ್ತಿದರು. ಆಗಲೂ ಗುರ್ರ್!

"ಸೂಪರ್ ಪಾ! ಇನ್ನು ಈ ಮಿಷನ್ನಿಗೆ ನೀನೇ ಆಗ್ಬೇಕಂತಿಲ್ಲ. ನಿನ್ನಂಥ ಗುರು ನೈಟ್ ಶಿಫ್ಟಿಗೆ ಬೇಕು" ಎಂದು ಗೋಪಿನಾಥ್ ಕುಮಾರೇಶನ ಬೆನ್ನು ತಟ್ಟಿದರು.

ಕುಮಾರೇಶನಿಗೆ ಸಾನಮಾವಿನ ಆನೆಗಳೇ ಕಣ್ಮುಂದೆ ಬಂದವು. ಮಾನ ಹೋದರೆ ಹೋಗಲಿ, ಜೀವ ಉಳಿಯಲಿ ಎಂದು ಅವರ ಕಾಲಿಗೇ ಬಿದ್ದ.

"ನಾನು ಗುರೂನೂ ಅಲ್ಲ, ಗಿರೂನೂ ಅಲ್ಲ ಸಾರ್! ಗುಟ್ಟು ಬಿಟ್ಕೊಡ್ಬಾರ್ದು ಅಂತ ಪ್ರದಕ್ಷಿಣೆ ಕತೆ ಕಟ್ಬುಟ್ಟೆ. ಎಲ್ಲಾ ಸುಳ್ಳು!"

ಗೋಪಿನಾಥ್ ವಿಡಿಯೋ ನಿಲ್ಲಿಸಿದರು. ಗಲ್ಲ ಕೆರೆಯುತ್ತಾ ಯೋಚಿಸಿದರು. ನಿಧಾನಕ್ಕೆ ಅವರ ಮುಖ ಅರಳಿತು.

"ಸುಳ್ಳು ಹೇಳಿದ್ದಕ್ಕೇ ಇಷ್ಟು ಹೊಸದು ಹುಟ್ತಾ! ನೈಟ್ ಶಿಫ್ಟಲ್ಲಿ ಮೊಂಡು ಮಿಷನ್ನುಗಳು ಸುಮಾರಿವೆ. ಇವತ್ತೇ ಬಂದು ಒಂದೊಂದಕ್ಕೂ ಒಂದೊಂದು ಸುಳ್ಳು ಹೇಳು ಪಾ!"