ಮಾವನವರು ಹತ್ತಲೆಂದು ಕಾರಿಗೆ ಟರ್ಬೋ

ಇದ್ದದ್ದನ್ನು ಇದ್ದ ಹಾಗೆ ಬಿಡುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಚೆನ್ನಾಗಿಯೇ ಹಾಡುತ್ತಿದ್ದ ರೇಡಿಯೋವನ್ನು ಇನ್ನಷ್ಟು ಚೆನ್ನಾಗಿ ಹಾಡಿಸಲು ಹೋಗಿ ಅದನ್ನು ಶಾಶ್ವತ ಮೌನವ್ರತಕ್ಕೆ ಕೂರಿಸಿದವನು ನಾನು. ಸೀಲಿಂಗ್ ಫ್ಯಾನಿಗೆ ಎಣ್ಣೆ ಬಿಟ್ಟೆ. ಅದು ಊಟಕ್ಕೆ ಕೂತವರಿಗೆಲ್ಲ ಮೇಲಿನಿಂದ ಎಣ್ಣೆ ಬಡಿಸಿತು. ನಾನು ಸ್ಕ್ರೂಡ್ರೈವರ್ ಹಿಡಿದೆನೆಂದರೆ ಹೆಂಡತಿ ಸುಶೀಲಾ ಮಕ್ಕಳನ್ನು ಪಕ್ಕದ ಮನೆಗೆ ಆಡಲು ಕಳಿಸುತ್ತಿದ್ದಳು. ಇಂಥವನ ಕೈಗೆ ಒಂದು ಕಾರು ಸಿಕ್ಕಿದ್ದು ಆ ಕಾರಿನ ಹಣೆಬರಹವಲ್ಲದೆ ಮತ್ತೇನು?

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಹಾವೇರಿಯ ನಮ್ಮ ಬಟ್ಟೆ ಅಂಗಡಿ ತಕ್ಕಮಟ್ಟಿಗೆ ನಡೆಯುತ್ತಿತ್ತು, ನಾನು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರೊಂದನ್ನು ಕೊಂಡಿದ್ದೆ. ಗಟ್ಟಿಮುಟ್ಟಾದ ಕಾರು. ಅವಸರ ಎನ್ನುವುದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಮಾವನವರನ್ನು ಒಮ್ಮೆ ಅದರಲ್ಲಿ ಕೂರಿಸಿಕೊಂಡು ಕಾಗಿನೆಲೆಗೆ ಹೊರಟಿದ್ದೆ. ಒಂದು ಏರಿನಲ್ಲಿ ಅವರು ಬಾಗಿಲು ತೆರೆದು, ಕಾರು ನಿಲ್ಲುವ ಮೊದಲೇ ಸಲೀಸಾಗಿ ಇಳಿದುಬಿಟ್ಟರು. "ಗಾಡಿ ಛಲೋ ಐತ್ರಿ ಅಳಿಯಂದ್ರ. ಆದ್ರ ನನಗ ಲಗೂ ಹೋಗೋದೈತಿ, ನಡಕೋಂತ ಹೋಗ್ತೇನಿ" ಎಂದರು. ನಾವು ಏರು ಮುಗಿಸುವಷ್ಟರಲ್ಲಿ ಅವರು ಮುಂದಿನ ಬೇವಿನ ಮರದ ಕೆಳಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಂದಿನಿಂದ ಅವರು ನನ್ನ ಕಾರು ಹತ್ತಲಿಲ್ಲ. ಮದುವೆ ಮುಂಜಿಗೆ ಕರೆದರೂ ನಕ್ಕು ಬಸ್ಸಿನಲ್ಲೇ ಬರುತ್ತಿದ್ದರು. ಅವರ ಆ ನಗು ನನಗೆ ಉಂಡ ಅನ್ನ ಮೈಗೆ ಹತ್ತದಂತೆ ಮಾಡಿತ್ತು. ಮಾವ ಬೈದರೆ ತಡೆದುಕೊಳ್ಳಬಹುದು, ನಕ್ಕರೆ ತಡೆದುಕೊಳ್ಳುವುದು ಹೇಗೆ? ಅವರು ಒಂದೇ ಒಂದು ಸಲ ತಾವಾಗಿಯೇ ನನ್ನ ಪಕ್ಕದಲ್ಲಿ ಬಂದು ಕೂರಬೇಕು ಎನ್ನುವುದೊಂದೇ ನನ್ನ ಹಂಬಲವಾಯಿತು.

ಈ ಸಂಕಟವನ್ನು ನಾನು ರಾಣೆಬೆನ್ನೂರಿನ ಫಕೀರಪ್ಪ ಮಿಸ್ತ್ರಿಯ ಮುಂದೆ ತೋಡಿಕೊಂಡೆ. ಹೆದ್ದಾರಿಯಲ್ಲಿ ಮಗುಚಿದ ಯಾವುದೋ ಲಾರಿಯ ಟರ್ಬೋ ಅವನ ಗ್ಯಾರೇಜಿನಲ್ಲಿ ಬಿದ್ದಿತ್ತು. ನನ್ನಂಥವನೊಬ್ಬ ಬರಲೆಂದೇ ಅವನೂ ಕಾಯುತ್ತಿದ್ದನೆಂದು ಕಾಣುತ್ತದೆ.

"ಎಂಜಿನ್ನಿಗೆ ಡೀಸೆಲ್ ಎಷ್ಟು ಕುಡಿಸಿದ್ರೇನ್ರಿ, ಉಸಿರು ಸಾಲದಿದ್ರ ಪಾಪ ಅದಾರ ಏನ್ ಮಾಡ್ತೈತಿ? ಈ ಟರ್ಬೋ ಐತಲ್ರಿ, ಹೊರಗ ಹೋಗೋ ಹೊಗಿ ಜೋರಿಗೆ ಗಿರಗಿರ ತಿರಗಿ, ಗಾಳಿನ ಒತ್ತಿ ಒತ್ತಿ ಒಳಗ ತುಂಬತೈತಿ. ಆಮ್ಯಾಲ ನೋಡ್ರಿ ನಿಮ್ಮ ಗಾಡಿ!"

"ಏನೂ ಅಪಾಯ ಇಲ್ಲಲ್ಲಪಾ?"

"ಏನ್ ಅಪಾಯ್ರಿ? ಹೆಡ್ ಗ್ಯಾಸ್ಕೆಟ್ ಹಾರಬಹುದು, ಪಿಸ್ಟನ್ ಸುಡಬಹುದು, ಭಾಳ ಅಂದ್ರ ಕ್ರ್ಯಾಂಕ್ ಮುರೀಬಹುದು. ಇಷ್ಟ ಬಿಟ್ರ ಮತ್ತೇನೂ ಆಗಂಗಿಲ್ರಿ. ಆರಾಮ ಇರ್ರಿ."

ದೇವರು ನನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಕೊಟ್ಟಿದ್ದಾನೆ. 'ಆರಾಮ ಇರ್ರಿ' ಎಂಬುದಷ್ಟೇ ಅದರೊಳಗೆ ಹೋಯಿತು. ಮನೆಯಲ್ಲಿ ಹೇಳಿದಾಗ ಸುಶೀಲಾ, "ಲಾರಿದು ತಂದು ಕಾರಿಗೆ ಹಚ್ಚತೀರಿ? ಪೈಲ್ವಾನನ ಊಟಾ ಕೂಸಿಗೆ ಉಣಿಸಿದಂಗ ಆಕ್ಕೈತಿ ನೋಡ್ರಿ" ಎಂದಳು. ಎಂಜಿನ್ನಿನ ವಿಷಯ ಹೆಂಗಸರಿಗೇನು ತಿಳಿಯುತ್ತದೆ ಎಂದುಕೊಂಡೆ. ಗಂಡಸಾದ ನನಗೆ ಏನು ತಿಳಿಯುತ್ತಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಾರು ತಯಾರಾದ ದಿನ ಸುಶೀಲಾಳೂ ನನ್ನ ಜೊತೆ ರಾಣೆಬೆನ್ನೂರಿಗೆ ಬಂದಳು, ಅಪ್ಪ ಕಾರು ಹತ್ತುವುದನ್ನು ಕಣ್ಣಾರೆ ನೋಡಬೇಕಂತೆ. ಫಕೀರಪ್ಪ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಟರ್ಬೋಗೆ ಬೇರೆಯಾಗಿ ಕುಂಕುಮ ಹಚ್ಚಿದ. ಗಾಳಿ ಸೋಸುವ ಡಬ್ಬಿಗೆ ಜಾಗ ಸಾಲದೆ ಅದನ್ನು ಕಿತ್ತು ಡಿಕ್ಕಿಯಲ್ಲಿ ಹಾಕಿದ್ದ. ಅದರ ಬದಲು ಬಾನೆಟ್ಟಿನ ಪಕ್ಕದಿಂದ ಬಾಯಿ ತೆರೆದ ಕೊಳವೆಯೊಂದು ಹೊರಗೆ ಇಣುಕುತ್ತಿತ್ತು. ಬ್ಯಾಡಗಿಗೆ ಹೊರಟೆವು. ಅಬ್ಬಾ, ಆ ಸುಖವನ್ನು ಏನೆಂದು ಹೇಳಲಿ! ಮೊದಲು ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಸಿಳ್ಳೆಯಂಥ ಸದ್ದು, ಆಮೇಲೆ ಯಾರೋ ಹಿಂದಿನಿಂದ ದಬ್ಬಿದಂತೆ ಕಾರು ನೆಗೆಯಿತು. ಜನ್ಮದಲ್ಲಿ ಮೊದಲ ಬಾರಿಗೆ ನಾನೊಂದು ಬಸ್ಸನ್ನು ಹಿಂದೆ ಹಾಕಿದೆ. ಅದರ ಡ್ರೈವರನಿಗೆ ಕೈ ಬೀಸಿದೆ ಕೂಡ. ಸುಶೀಲಾ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದಳು. ನಾನೋ ಹಾಡುತ್ತಿದ್ದೆ.

ಬ್ಯಾಡಗಿಯ ಪೇಟೆಯಲ್ಲಿ ಅಂದು ಮೆಣಸಿನಕಾಯಿ ಸಂತೆ. ನೆಲವೆಲ್ಲ ಕೆಂಪೋ ಕೆಂಪು. ಮಾವನವರ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಹಾರ್ನ್ ಹೊಡೆದೆ. ಬಸ್ಸನ್ನು ಹಿಂದೆ ಹಾಕಿದ ಸುದ್ದಿ ಕೇಳಿ ಅವರು ಹುಬ್ಬೇರಿಸಿದರು. "ಖರೇನ? ಹಂಗಾದ್ರ ನೋಡೇಬಿಡೂಣು" ಎನ್ನುತ್ತ ಧೋತರ ಎತ್ತಿ, ಒಂದು ಕಾಲನ್ನು ಒಳಗಿಟ್ಟರು. ನಾನು ಅವರು ಕೂರುವ ಸೀಟಿನ ಧೂಳನ್ನು ಕೈಯಿಂದಲೇ ಒರೆಸಿದೆ.

ಆಗಲೇ ಎಂಜಿನ್ ತಾನಾಗಿ ಕೂಗತೊಡಗಿತು. ನನ್ನ ಕಾಲು ಆಕ್ಸಿಲರೇಟರಿನ ಮೇಲಿರಲೇ ಇಲ್ಲ. ಸದ್ದು ಏರಿತು, ಇನ್ನೂ ಏರಿತು. ಬಂದ್ ಮಾಡಿದೆ, ನಿಲ್ಲಲಿಲ್ಲ. ಚಾವಿ ಕಿತ್ತು ಕೈಯಲ್ಲಿ ಹಿಡಿದೆ, ಆದರೂ ನಿಲ್ಲಲಿಲ್ಲ! ಟರ್ಬೋದೊಳಗೆ ಆಯಿಲನ್ನು ತಡೆಯುವ ಹಳೆಯ ಸೀಲು ಹರಿದು, ಎಂಜಿನ್ ತನ್ನದೇ ಆಯಿಲನ್ನು ಹೀರಿ ಅದನ್ನೇ ಸುಡುತ್ತಿತ್ತೆಂದು ಫಕೀರಪ್ಪ ಆಮೇಲೆ ವಿವರಿಸಿದ. ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಇಷ್ಟೇ, ಕಾರಿಗೆ ಮೈಮೇಲೆ ಬಂದಿದೆ. ಸುಶೀಲಾ ಕೆಳಗೆ ಹಾರಿದಳು. ಬಿಳಿ ಹೊಗೆಯಲ್ಲಿ ಹಮಾಲರು ಮೂಟೆ ಎಸೆದು ಓಡಿದರು.

"ಏ, ಅದರ ಬಾಯಿ ಕಟ್ರ್ಯೋ!" ಎಂದು ಕೂಗಿದ ಮಾವನವರು, ಕೈಗೆ ಸಿಕ್ಕ ಖಾಲಿ ಚೀಲವೊಂದನ್ನು ಮಡಿಚಿ ಆ ಕೊಳವೆಯ ಬಾಯಿಗೆ ತುರುಕಿ ಒತ್ತಿ ಹಿಡಿದರು. ಎಂಜಿನ್ ಗಕ್ ಗಕ್ ಎಂದು ಉಸಿರುಗಟ್ಟಿ ಸತ್ತಿತು. ಸಾಯುವ ಮೊದಲು ಮಾತ್ರ ಆ ಚೀಲಕ್ಕೆ ಅಂಟಿದ್ದ ಮೆಣಸಿನಕಾಯಿ ಪುಡಿಯನ್ನೆಲ್ಲ ಹೀರಿ, ಹುರಿದು, ಹಿಂದಿನಿಂದ ಇಡೀ ಪೇಟೆಗೆ ಹಂಚಿತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅಂಥ ಸಾಧು ಕಾಯಿಯ ನಡುವೆಯೇ ಬೆಳೆದ ಜನ ಅಂದು ಸೀನಿದರು ನೋಡಿ! ಸಾಹುಕಾರರು ಸೀನಿದರು, ದಲಾಲರು ಸೀನಿದರು, ಗಾಡಿ ಎತ್ತುಗಳೂ ಸೀನಿದವು. ಮಾವನವರು ಕಣ್ಣೀರು ಒರೆಸಿಕೊಳ್ಳುತ್ತ, "ಇಷ್ಟು ವರ್ಷ ಕಾಯಿ ಮಾರೇನಿ, ಇದರಾಗ ಇಷ್ಟು ಘಾಟು ಐತಿ ಅಂತ ನನಗ ಗೊತ್ತಿರಲಿಲ್ಲ ಬಿಡ್ರಿ" ಎಂದರು. ಸುಶೀಲಾ ಸೀನುತ್ತ ನಗುತ್ತಿದ್ದಳೋ ನಗುತ್ತ ಸೀನುತ್ತಿದ್ದಳೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಕಾರನ್ನು ರಾಣೆಬೆನ್ನೂರಿಗೆ ಒಯ್ಯಲು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದ್ದಾಯಿತು. ನಾನು ತಲೆ ತಗ್ಗಿಸಿ ಸ್ಟೀರಿಂಗ್ ಹಿಡಿದು ಕೂತಿದ್ದೆ. ಪಕ್ಕದ ಬಾಗಿಲು ತೆರೆಯಿತು. "ಸರೀರಿ ಸ್ವಲ್ಪ, ಆ ಮಿಸ್ತ್ರಿ ಮಾರಿ ನಾನೂ ಒಮ್ಮೆ ನೋಡಬೇಕು" ಎಂದು ಮಾವನವರು ತಾವಾಗಿಯೇ ಬಂದು ಕೂತರು! ಟ್ರ್ಯಾಕ್ಟರ್ ನಿಧಾನವಾಗಿ ಎಳೆಯಿತು. ಅವರು ಕಾಲು ಚಾಚಿ, ಎಲೆ ಅಡಿಕೆ ಬಾಯಿಗಿಟ್ಟು, "ಆಹಾ, ಸದ್ದಿಲ್ಲ, ಹೊಗಿ ಇಲ್ಲ. ಗಾಡಿ ಅಂದ್ರ ಹಿಂಗಿರಬೇಕು" ಎಂದರು. ನನ್ನ ಎದೆ ಹಿಗ್ಗಿತು. ಮಾವ ಪಕ್ಕದಲ್ಲಿದ್ದಾರೆ, ಕಾರು ಓಡುತ್ತಿದೆ, ಬಾಳಿನಲ್ಲಿ ಇನ್ನೇನು ಬೇಕು? ಆ ಹಿಗ್ಗಿನಲ್ಲಿ ನಾನು ಏನು ಮಾಡುತ್ತಿದ್ದೆನೆಂಬುದು ನನಗೇ ತಿಳಿದಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾವನವರು ನನ್ನ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಹೇಳಿದರು:

"ಅಳಿಯಂದ್ರ, ಗೇರು ಟ್ರ್ಯಾಕ್ಟರಿನಾಂವ ಬದಲಿ ಮಾಡ್ತಾನ. ನೀವು ಸುಮ್ನ ಕುಂದ್ರಿ."