ಬಾಯಿ ಬಂದ ಪೆಟ್ಟಿಗೆ

“ಇವತ್ತಿನಿಂದ ಕಂಪ್ಯೂಟರಿನ ಪಾಠ ಕಂಪ್ಯೂಟರೇ ಹೇಳ್ತದ,” ಎಂದು ವೀರಸಂಗಪ್ಪ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಳಗಿನ ಭಾಗಗಳಿಗೆ ತಾನೇ ಮಾಡಿದ, ಅಂಗಿಗುಂಡಿಯಷ್ಟಗಲದ ಅಂಟುಬಿಲ್ಲೆಗಳನ್ನು ಹಚ್ಚಿದ. ಬಿಲ್ಲೆ ತಗುಲಿದ ಯಂತ್ರಕ್ಕೆ ಬಾಯಿ ಬರುತ್ತದಂತೆ. ಗದಗಿನಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನಿಗೆ ಇಂಥ ಹುಚ್ಚು ಹೊಸದೇನಲ್ಲ.

ಅವನ ಹೆಂಡತಿ ಗಿರಿಜವ್ವ ಮಾತ್ರ ಭಾಗಗಳ ಹೆಸರು ಬರೆದ ಚೀಟಿಯನ್ನು ಮತ್ತೆ ಮತ್ತೆ ಓದುತ್ತಿದ್ದಳು. ಹಿಟ್ಟಿನ ಗಿರಣಿ ನಡೆಸುವ ಅವಳೇ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಸಂಘಕ್ಕೆ ಬಂದ ಈ ಕಂಪ್ಯೂಟರನ್ನು ನೋಡಲು ಮಧ್ಯಾಹ್ನ ಅದನ್ನು ಕೊಟ್ಟ ಇಲಾಖೆಯ ಸಾಹೇಬರು ಬರುವವರಿದ್ದರು. ಒಳಗೇನಿದೆ, ಯಾವುದು ಏನು ಮಾಡುತ್ತದೆ ಎಂದು ಅಧ್ಯಕ್ಷೆಯೇ ಹೇಳಬೇಕು. ತಪ್ಪಿದರೆ ಪೆಟ್ಟಿಗೆ ಬೇರೆ ಸಂಘದ ಪಾಲು. ಹದಿನೈದು ದಿನ ಉರು ಹೊಡೆದರೂ ಆ ಹೆಸರುಗಳು ಅವಳ ತಲೆಯಲ್ಲಿ ನಿಂತಿರಲಿಲ್ಲ.

ಸ್ವಿಚ್ ಒತ್ತಿದ್ದೇ ತಡ, ಜಗಳ ಶುರುವಾಯಿತು.

“ಲೆಕ್ಕ, ವಿಚಾರ ಎಲ್ಲಾ ನಂದು,” ಎಂದಿತು ಪ್ರೊಸೆಸರ್.

“ನಿನಗ ಬೇಕಾದ್ದು ಕೈಗೆ ಕೊಡಾಂವ ನಾನಲ್ಲೇನು?” ಎಂದಿತು ರ‍್ಯಾಮ್. “ಕರೆಂಟ್ ಹೋದ್ರ ಮಾತ್ರ ಎಲ್ಲಾ ಮರೀತೀನಿ.”

“ನಾ ಮರಿಯಂಗಿಲ್ಲ,” ಎಂದು ಹಾರ್ಡ್ ಡಿಸ್ಕ್ ಗಂಟಲು ಸರಿಮಾಡಿಕೊಂಡಿತು. “ಹೋದ ಸೋಮವಾರ ವೀರಸಂಗಪ್ಪ ಟೈಪ್ ಮಾಡ್ಯಾನ: ‘ನನ್ನ ಹೆಂಡತಿಯ ಸಾರು ಸಾರಲ್ಲ, ಗಿರಣಿ ತೊಳೆದ ನೀರು.’”

ವೀರಸಂಗಪ್ಪ ಬೆವೆತ. “ಅದನ್ನ ಅವತ್ತೇ ಅಳಿಸೀನಲ್ಲ.”

“ನೀ ಅಳಿಸಿದ್ದು ಫೈಲಿನ ಹೆಸರಷ್ಟ. ಸಾರು ಇನ್ನೂ ನನ್ನ ಹೊಟ್ಟ್ಯಾಗ ಅದ.”

“ಸಾಹೇಬ್ರು ಬಂದು ಹೋಗ್ಲಿ, ಆಮ್ಯಾಲೆ ನಿಮ್ಮನ್ನ ನೋಡ್ಕೋತೀನಿ,” ಎಂದಳು ಗಿರಿಜವ್ವ ಗಂಡನಿಗೆ.

ಮರುದಿನ ಆಯುಧಪೂಜೆಯ ರಜೆ. ಹಾಗಾಗಿ ಸಂಘದವರು ಪೂಜೆಯನ್ನು ಒಂದು ದಿನ ಮೊದಲೇ ಇಟ್ಟುಕೊಂಡಿದ್ದರು. ಕಾರ್ಯದರ್ಶಿ ನೀಲವ್ವ ತೆರೆದ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಮಾರುದ್ದದ ಚೆಂಡುಹೂವಿನ ಹಾರ ಹಾಕಿ ಕೈಮುಗಿದಳು. ಹತ್ತು ನಿಮಿಷ ಕಳೆಯಿತೋ ಇಲ್ಲವೋ, ಪ್ರೊಸೆಸರ್ ಬಡಬಡಿಸತೊಡಗಿತು.

“ಸುಡಾಕತ್ತೀನಿ! ಎರಡೂ ಎರಡೂ ಇಪ್ಪತ್ತೇಳು!”

ಉಳಿದವೂ ಬೊಬ್ಬೆ ಹೊಡೆದವು. ಯಾವುದರ ಮಾತೂ ಇನ್ನೊಂದಕ್ಕೆ ಕೇಳದು. ವೀರಸಂಗಪ್ಪ ಸರ್ಕ್ಯೂಟೇ ಕೆಟ್ಟಿತೆಂದು ಬೆಸುಗೆಯ ಕಡ್ಡಿ ಕಾಯಿಸತೊಡಗಿದ. ಸರಿಯಾಗಿ ಆಗಲೇ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

“ಕೆಡಿಸಿ ಇಟ್ಟೀರೇನು? ನಾ ಇದನ್ನ ಇವತ್ತೇ ಒಯ್ತೀನಿ.”

ಗಿರಿಜವ್ವನಿಗೆ ಅಳು ಬರುವಂತಾಯಿತು. ಆದರೆ ಪೆಟ್ಟಿಗೆಯಿಂದ ಬರುತ್ತಿದ್ದ ಬಿಸಿವಾಸನೆ ಅವಳಿಗೆ ಗೊತ್ತಿದ್ದದ್ದೇ. ಗಿರಣಿಯ ಮೋಟರಿನ ಮುಂದೆ ಯಾರಾದರೂ ಗಾಳಿಯಾಡದಂತೆ ಚೀಲ ಒಟ್ಟಿದರೆ ಹೀಗೇ ಬರುತ್ತಿತ್ತು. ಬಗ್ಗಿ ನೋಡಿದಳು. ಬಿಲ್ಲೆ ಸಾಲದೆ ಬಾಯಿಲ್ಲದೆ ಉಳಿದದ್ದು ಫ್ಯಾನ್ ಒಂದೇ, ಹಾರದ ತುದಿ ಅದರೊಳಗೇ ಸಿಕ್ಕಿಕೊಂಡಿತ್ತು. ಅವಳು ಸ್ವಿಚ್ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರವನ್ನು ಎಳೆದು ತೆಗೆದಳು. ಆಗಿನ ಜಗಳದಲ್ಲಿ ಕೇಳಿದ್ದೆಲ್ಲ ಈಗ ಅವಳಿಗೆ ತನ್ನ ಗಿರಣಿಯಂತೆಯೇ ಕಂಡಿತು.

“ಕೆಟ್ಟಿಲ್ರೀ ಸಾಹೇಬ್ರ, ಉಸಿರು ಕಟ್ಟಿತ್ತು. ಇದು ಮದರ್‌ಬೋರ್ಡ್, ಗಿರಣಿ ಕಟ್ಟಿ ಇದ್ದಂಗ. ಎಲ್ಲಾರೂ ಇದರ ಮ್ಯಾಲೇ ಕುಂತಾರ. ಪ್ರೊಸೆಸರ್ ಬೀಸೋ ಕಲ್ಲು. ಈಗ ಬೀಸೋ ಕಾಳು ಹಾಕೋ ಡಬ್ಬಿ ರ‍್ಯಾಮ್, ಕರೆಂಟ್ ಹೋದ್ರ ಖಾಲಿ. ಹಾರ್ಡ್ ಡಿಸ್ಕ್ ಕಾಳು ತುಂಬಿಡೋ ಕ್ವಾಣಿ, ಕರೆಂಟ್ ಇರ್ಲಿ ಬಿಡ್ಲಿ, ಇಟ್ಟದ್ದು ಇರ್ತದ.”

ಮಾತು ಮುಗಿಸಿ ಅವಳು ಮತ್ತೆ ಸ್ವಿಚ್ ಹಾಕಿದಳು. ಫ್ಯಾನ್ ತಿರುಗಿತು.

“ನಮಸ್ಕಾರ, ನೀವೆಲ್ಲಾ ಯಾರ‍್ರಿ?” ಎಂದಿತು ರ‍್ಯಾಮ್.

ಸಾಹೇಬರು ನಗುತ್ತಲೇ ಸಹಿ ಹಾಕಿದರು. ಪೆಟ್ಟಿಗೆ ಸಂಘದ್ದಾಯಿತು. ಗಿರಿಜವ್ವನ ಎದೆ ಹಿಗ್ಗಿತು. ಅಂದು ಓಣಿಯುದ್ದಕ್ಕೂ ಅವಳು ನಡೆದದ್ದೇ ಬೇರೆ ಠೀವಿಯಿಂದ.

ದಸರೆ ಮುಗಿದು ಗಿರಣಿ ಶುರುವಾದಾಗ ಗುಟ್ಟು ತಿಳಿಯಿತು. ಹಾರ ಎಳೆದಾಗ ಡಿಸ್ಕಿನ ಬಿಲ್ಲೆ ಅವಳ ಸೆರಗಿಗೆ ಅಂಟಿ ಬಂದು, ಗಿರಣಿಗೆ ತಗುಲಿಕೊಂಡಿತ್ತು. ಡಿಸ್ಕಿನ ಮಾತು ಬಿಲ್ಲೆಗೆ ಬಾಯಿಪಾಠವಾಗಿ ಹೋಗಿತ್ತು. ಜೋಳದ ಡಬ್ಬಿ ಹಿಡಿದು ಸಾಲಾಗಿ ನಿಂತ ಹೆಂಗಸರೆದುರು ಗಿರಣಿ ಗುಡುಗಿತು: “ನನ್ನ ಹೆಂಡತಿಯ ಸಾರು ಸಾರಲ್ಲ, ಗಿರಣಿ ತೊಳೆದ ನೀರು!”

ವೀರಸಂಗಪ್ಪ ಬಿಲ್ಲೆ ಕೀಳಲು ಓಡಿ ಬಂದ. ಗಿರಿಜವ್ವ ಅಡ್ಡ ನಿಂತಳು.

“ಇರ್ಲಿ ಬಿಡ್ರಿ, ಕಾಯಂ ನೆನಪು ಗಿರಣಿಗೂ ಬೇಕು. ನೀವು ಒಳಗ ಹೋಗಿ ಬ್ಯಾಳಿ ಬೇಯಾಕ ಇಡ್ರಿ.”